ಎರಡು ಚೀಟಿ, ಒಂದು ತಲೆಸುತ್ತು

"ಸುಸ್ತಾಗ್ತಿದೆ ಅಂದ್ರೆ ಡಯಟ್ ಕೆಲಸ ಮಾಡ್ತಿದೆ ಅಂತ ಅರ್ಥ. ಮೈಯಲ್ಲಿರೋ ವಿಷ ಹೊರಗೆ ಹೋಗ್ತಿದೆ, ಬಿಡಬೇಡಿ!" ಜೊತೆಗೆ ತೋಳು ಮಡಚಿ ತೋರಿಸುವ ಮೂರು ಎಮೋಜಿ.

2023ರ ಜುಲೈನಲ್ಲಿ, ನಾನು ಸೇರಿಕೊಂಡಿದ್ದ ವಾಟ್ಸಾಪ್ ಗ್ರೂಪಿನ ಕೋಚ್ ಮೇಡಂ ಕೊಟ್ಟ ಉತ್ತರ ಇದು. ನಾನು ಕೇಳಿದ್ದು ಇಷ್ಟೇ: ಮೂರು ದಿನದಿಂದ ತಲೆನೋವು ಬಿಟ್ಟಿಲ್ಲ, ಸ್ಕೂಲಿಂದ ಮನೆಗೆ ಬರುವಷ್ಟರಲ್ಲಿ ವಾಂತಿ ಬಂದ ಹಾಗಾಗುತ್ತೆ, ಏನು ಮಾಡ್ಲಿ? ಗಣಿತ ಹೇಳಿಕೊಡುವ ಹೆಂಗಸು ನಾನು. ಯಾವ ವಿಷ, ಎಷ್ಟು, ಯಾವ ದಾರಿಯಲ್ಲಿ ಹೊರಗೆ ಹೋಗುತ್ತೆ ಅಂತ ಕೇಳಬೇಕಿತ್ತು. ಕೇಳಲಿಲ್ಲ. ತೂಕದ ಮಷೀನಿನಲ್ಲಿ ನಂಬರ್ ಇಳಿಯುತ್ತಿತ್ತಲ್ಲ, ಅದರ ಮುಂದೆ ಯಾವ ಪ್ರಶ್ನೆಯೂ ಬಾಯಿಗೆ ಬರಲಿಲ್ಲ.

ನಮ್ಮದು ತಿಪಟೂರು ಕಡೆ. ಸರ್ಕಾರಿ ಪ್ರೌಢಶಾಲೆ, ಒಂಬತ್ತು ಮತ್ತು ಹತ್ತನೇ ತರಗತಿ ಎರಡೂ ಮೇಲಿನ ಮಹಡಿಯಲ್ಲಿ. ಆಗ ನನಗೆ 44 ವರ್ಷ, ಎತ್ತರ 156 ಸೆಂಟಿಮೀಟರ್, ತೂಕ 82.6 ಕೆ.ಜಿ. ಎತ್ತರಕ್ಕೂ ತೂಕಕ್ಕೂ ತಾಳೆ ನೋಡುವ ಬಿ.ಎಂ.ಐ. ಲೆಕ್ಕ ಹಾಕಿದರೆ 34ರ ಹತ್ತಿರ. ನಮ್ಮ ದೇಶದವರಿಗೆ 25 ದಾಟಿದರೇ ಬೊಜ್ಜು ಅನ್ನುತ್ತಾರೆ. ದಿನಕ್ಕೆ ಆರು ಸಲ ಮೆಟ್ಟಿಲು ಹತ್ತಿ ಇಳಿದು ಬಲಮಂಡಿ ಕಿರ್ ಅನ್ನುತ್ತಿತ್ತು. ಎರಡು ವರ್ಷದಿಂದ ಬಿ.ಪಿ. ಮಾತ್ರೆ ಬೇರೆ. ಮಂಡಿ ತೋರಿಸಲು ಹೋದಾಗ ಅಲ್ಲಿಯ ಡಾಕ್ಟರು ಎಕ್ಸ್‌ರೇ ನೋಡುತ್ತಲೇ "ಹತ್ತು ಕೆ.ಜಿ. ಇಳಿಸಿ ಬನ್ನಿ" ಅಂದರು. ಹೇಗೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಗೆ ಇನ್ನೂ ಇಪ್ಪತ್ತು ಜನ ಟೋಕನ್ ಹಿಡಿದು ಕೂತಿದ್ದರು.

ಹಾಗಾಗಿ 'ಹೇಗೆ' ಅನ್ನುವುದು ಸ್ಟಾಫ್ ರೂಮಿನಲ್ಲಿ ಸಿಕ್ಕಿತು. ಸಹೋದ್ಯೋಗಿಯೊಬ್ಬಳು ಗ್ರೂಪಿಗೆ ಸೇರಿಸಿದಳು. ಮೊದಲನೇ ಚಾರ್ಟ್: ಬೆಳಗ್ಗೆ ಬಿಸಿನೀರಿಗೆ ನಿಂಬೆಹಣ್ಣು, ಜೇನುತುಪ್ಪ. ಆಮೇಲೆ ಒಂದು ಬಟ್ಟಲು ಪಪಾಯ. ಮಧ್ಯಾಹ್ನ ಎಣ್ಣೆ ಹಾಕದ ಒಂದು ಚಪಾತಿ, ಸೌತೆಕಾಯಿ. ಸಂಜೆ ಸೂಪು. ರಾತ್ರಿ ಒಂದು ಸೇಬು, ಒಂದು ಲೋಟ ನೀರು ಮಜ್ಜಿಗೆ. ಉಪ್ಪು ಆದಷ್ಟು ಮುಟ್ಟಬೇಡಿ, ಮೈ ಊದುತ್ತೆ. ನೀರು ಮಾತ್ರ ದಿನಕ್ಕೆ ನಾಲ್ಕು ಲೀಟರ್. ತುಂಬಾ ದಿನ ಆದಮೇಲೆ ಒಂದು ಭಾನುವಾರ ಕೂತು ಇದನ್ನೆಲ್ಲ ಕೂಡಿಸಿ ನೋಡಿದೆ, 600 ಕ್ಯಾಲೊರಿ ದಾಟಲಿಲ್ಲ. ನನ್ನ ಮೈಗೆ ಇಡೀ ದಿನ ಸುಮ್ಮನೆ ಮಲಗಿದ್ದರೂ 1,400ರಷ್ಟು ಬೇಕು.

ಹನ್ನೊಂದು ದಿನಕ್ಕೆ 79.5ಕ್ಕೆ ಬಂದೆ. ಮೂರು ಕೆ.ಜಿ.! ಚಿಕ್ಕಂದಿನಲ್ಲಿ ಅರಸೀಕೆರೆ ಸ್ಟೇಷನ್ನಿನಲ್ಲಿ ಬಣ್ಣದ ದೀಪ ಹೊಳೆಯುವ ತೂಕದ ಮಷೀನು ಹತ್ತಿ, ಬಿದ್ದ ಟಿಕೆಟ್ಟಿನ ಹಿಂದೆ ಭವಿಷ್ಯ ಓದಿದಾಗ ಆಗುತ್ತಿದ್ದಂಥದೇ ಖುಷಿ. ಆ ಟಿಕೆಟ್ಟಿನ ಭವಿಷ್ಯಕ್ಕಿದ್ದಷ್ಟೇ ಬೆಲೆ ಈ ಮೂರು ಕೆ.ಜಿ.ಗೂ ಇತ್ತು. ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಅಂತ ಒಂದಿಷ್ಟು ಸಕ್ಕರೆಯ ದಾಸ್ತಾನು ಇರುತ್ತೆ, ಒಂದೊಂದು ಗ್ರಾಂಗೂ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತೆ. ಊಟ ನಿಲ್ಲಿಸಿದರೆ ಮೊದಲು ಖಾಲಿಯಾಗುವುದು ಈ ಉಗ್ರಾಣ. ನಾನು ಕಳೆದುಕೊಂಡಿದ್ದರಲ್ಲಿ ದೊಡ್ಡ ಪಾಲು ನೀರು. ಹನ್ನೆರಡನೇ ದಿನ ಬಿಸಿಯೂಟದ ಮನೆಯಲ್ಲಿ ನನ್ನ ವ್ರತ ಮುರಿಯಿತು.

ಬಿಸಿಯೂಟ ಮಕ್ಕಳಿಗೆ ಬಡಿಸುವ ಮುಂಚೆ ಮೇಷ್ಟ್ರೊಬ್ಬರು ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು. ಅವತ್ತು ನನ್ನ ಸರದಿ. ಅಡುಗೆಯಕ್ಕ ಒಂದು ಸೌಟು ಅನ್ನ, ಮೇಲೆ ಬಿಸಿ ಸಾಂಬಾರು ಹಾಕಿ ತಟ್ಟೆ ಕೊಟ್ಟಳು. ಒಂದು ತುತ್ತು ರುಚಿ ನೋಡಿ ಸಹಿ ಹಾಕಿ ಬರುವುದು ಯೋಚನೆ. ಆ ತುತ್ತು ಗಂಟಲಲ್ಲಿ ಇಳಿಯುತ್ತಿದ್ದ ಹಾಗೇ ಕೈ ನನ್ನ ಮಾತು ಕೇಳಲಿಲ್ಲ. ತಟ್ಟೆ ಖಾಲಿಯಾಯಿತು, ಇನ್ನೊಂದು ಸಲ ಹಾಕಿಸಿಕೊಂಡೆ. ಅಕ್ಕ ಏನೂ ಅನ್ನಲಿಲ್ಲ, "ಸಾಂಬಾರು ಇನ್ನೂ ಸ್ವಲ್ಪ ಬುಡ್ಲಾ ಮಿಸ್ಸು?" ಅಂತ ಮಾತ್ರ ಕೇಳಿದಳು. ಅವತ್ತು ಸಂಜೆ ತಲೆನೋವು ಇರಲಿಲ್ಲ. ಅದನ್ನು ಆಗ ಸೋಲು ಅಂದುಕೊಂಡೆ. ಎರಡು ವಾರದಲ್ಲಿ 82.9.

ಎರಡನೇ ಚಾರ್ಟಿಗೆ ನಾನೇ ದುಡ್ಡು ಕಟ್ಟಿದೆ. ಅನ್ನ ಇಲ್ಲ, ಮುದ್ದೆ ಇಲ್ಲ, ಚಪಾತಿಯೂ ಇಲ್ಲ. ಪನೀರು, ಮೊಟ್ಟೆ, ಎಲೆಕೋಸು, ಸೊಪ್ಪು. ನಮ್ಮ ಮನೆಯಲ್ಲಿ ಮಾಂಸ ಮಾಡುವುದಿಲ್ಲ, ಮೊಟ್ಟೆಯೇ ಮಗನ ನೆಪದಲ್ಲಿ ಒಳಗೆ ಬಂದಿದ್ದು. ಅತ್ತೆಗೆ ಇದ್ಯಾವುದೂ ಸರಿಬರಲಿಲ್ಲ. "ಮುದ್ದೆ ಬುಟ್ಟು ಕೋಸು ತಿಂತೀಯಲ್ಲ, ಮೈಯಾಗೆ ಕಸುವು ಎಲ್ಲಿಂದ ಬತ್ತದೆ? ನಾನೇನು ದನ ಸಾಕಿದೀನಾ?" ಅಂತ ದಿನಾ ರಾತ್ರಿ ಒಂದು ಸಲ. ನಾಲ್ಕು ಲೀಟರ್ ನೀರು, ಉಪ್ಪು ಕಮ್ಮಿ ಅನ್ನುವ ನಿಯಮ ಇಲ್ಲೂ ಮುಂದುವರಿಯಿತು.

ಆರು ವಾರದಲ್ಲಿ 76.4. ಅದೇ ಆರು ವಾರದಲ್ಲಿ ಆದದ್ದು ಏನೇನು: ರಾತ್ರಿ ಎರಡು ಗಂಟೆಗೆ ಮೀನಖಂಡ ಹಿಡಿದುಕೊಂಡು ಕಿರುಚಿ ಏಳುವುದು. ಮಲಬದ್ಧತೆ. ಸೆಪ್ಟೆಂಬರ್ ಸೆಖೆಯಲ್ಲೂ ಕೈಕಾಲು ತಣ್ಣಗೆ. ಹುಡುಗರು ಒಂದು ಪ್ರಶ್ನೆ ಎರಡು ಸಲ ಕೇಳಿದರೆ ಸಿಡುಕು. ನಿದ್ದೆ ಬಾರದೆ ಮಧ್ಯರಾತ್ರಿ ಮೊಬೈಲಿನಲ್ಲಿ ಒಬ್ಬಟ್ಟು ಮಾಡುವ ವಿಡಿಯೋ ನೋಡುವುದು, ಒಂದಲ್ಲ, ಸಾಲಾಗಿ ಏಳೆಂಟು. ಇದು ನನಗೊಬ್ಬಳಿಗೇ ಹಿಡಿದ ಹುಚ್ಚು ಅಂದುಕೊಂಡಿದ್ದೆ. ಆಮೇಲೆ ಓದಿದೆ: 1944ರ ಕೊನೆಯಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ, ಯುದ್ಧಕ್ಕೆ ಹೋಗಲೊಪ್ಪದ 36 ಜನ ಆರೋಗ್ಯವಂತ ಯುವಕರನ್ನು ಸೇರಿಸಿಕೊಂಡು ಹಸಿವಿನ ಪ್ರಯೋಗ ಮಾಡಿದ. 24 ವಾರ ಅರೆಹೊಟ್ಟೆ ಊಟ, ದಿನಕ್ಕೆ ಸುಮಾರು 1,600 ಕ್ಯಾಲೊರಿ. ಆ ಗಟ್ಟಿಮುಟ್ಟು ಹುಡುಗರಿಗೆ ಚಳಿ ಹತ್ತಿತು, ತಲೆ ಸುತ್ತಿತು, ಸಿಡುಕು ಬಂತು, ಅಡುಗೆ ಪುಸ್ತಕಗಳನ್ನು ಗಂಟೆಗಟ್ಟಲೆ ಓದತೊಡಗಿದರು. ಅವರಿಗೆ 1,600 ಸಿಗುತ್ತಿತ್ತು, ನನ್ನ ಮೊದಲ ಚಾರ್ಟಿನಲ್ಲಿ 600.

ಎದ್ದು ನಿಂತ ತಕ್ಷಣ ತಲೆ ಸುತ್ತುವುದು ಶುರುವಾದ ಮೇಲೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ವ್ಯಾಖ್ಯಾನ. ಇವರು ಪಿತ್ತ ಅಂದರು, ಜೀರಿಗೆ ಕಷಾಯ ಆಯಿತು. ಸಹೋದ್ಯೋಗಿ ನಿನಗೆ ಮನಸ್ಸು ಗಟ್ಟಿಯಿಲ್ಲ ಅಂದಳು. ಅತ್ತೆ ದೃಷ್ಟಿ ಅಂದರು, ಒಂದೇ ಸಲಕ್ಕೆ ಇಷ್ಟು ಸಣ್ಣ ಆದರೆ ಊರವರ ಕಣ್ಣು ಬೀಳದೆ ಇರುತ್ತಾ ಅಂತ. ಹಿಡಿ ಉಪ್ಪು, ಒಣಮೆಣಸಿನಕಾಯಿ ತಂದು ನಿವಾಳಿಸಿ ಒಲೆಗೆ ಹಾಕಿದರು. ಉಪ್ಪು ನನ್ನ ತಲೆ ಸುತ್ತ ಮೂರು ಸುತ್ತು ತಿರುಗಿ ಬೆಂಕಿಗೆ ಹೋಯಿತು. ಅದು ಹೋಗಬೇಕಿದ್ದದ್ದು ಹೊಟ್ಟೆಗೆ ಅಂತ ತಿಳಿದಿದ್ದು ವಾರದ ನಂತರ.

ಸೆಪ್ಟೆಂಬರ್ ಕೊನೆಯ ವಾರ, ಒಂಬತ್ತನೇ ತರಗತಿ, ಬಹುಪದೋಕ್ತಿ ಪಾಠ. ಬೋರ್ಡಿನ ಮೇಲೆ ಬರೆಯುವಾಗ ಚಾಕ್‌ಪೀಸ್ ಮುರಿದು ಬಿತ್ತು. ಬಗ್ಗಿ ಎತ್ತಿಕೊಂಡು ಎದ್ದೆ. ಕರಿಹಲಗೆ ಹಾಗೇ ಅಗಲವಾಗುತ್ತಾ ಬಂದು ಇಡೀ ಕೋಣೆ ಕರಿಹಲಗೆಯೇ ಆಯಿತು. ಮಕ್ಕಳ ಸದ್ದು ಬಾವಿಯೊಳಗಿಂದ ಕೇಳಿದಂತೆ. ಬೀಳಲಿಲ್ಲ, ಮೇಜು ಕೈಗೆ ಸಿಕ್ಕಿತು, ಅದನ್ನು ಹಿಡಿದೇ ನೆಲಕ್ಕೆ ಕುಸಿದು ಕೂತೆ. ಮುಂದಿನ ಬೆಂಚಿನ ಹುಡುಗಿ ಓಡಿಹೋಗಿ ಬಿಸಿಯೂಟದ ಅಕ್ಕನನ್ನು ಕರೆತಂದಳು. ಅಕ್ಕ ಉಪ್ಪು ಹಾಕಿದ ಮಜ್ಜಿಗೆ ಒಂದು ಚೊಂಬು ತಂದು, "ಉಪ್ಪು ಬ್ಯಾಡ" ಅಂದರೂ ಕೇಳದೆ ಕುಡಿಸಿದಳು. ಅರ್ಧ ಗಂಟೆಯಲ್ಲಿ ಎದ್ದು ನಿಂತೆ. ಹೆಚ್.ಎಂ. ಸರ್ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕಳಿಸಿದರು.

ಈ ಸಲ ಸಿಕ್ಕ ಡಾಕ್ಟರು ಬೇರೆ, ವಯಸ್ಸಾದವರು, ಅವಸರ ಇಲ್ಲದವರು. ನನ್ನ ಮಾತು ಅರ್ಧ ಕೇಳಿ, ಟೇಬಲ್ ಮೇಲೆ ಮಲಗಿಸಿದರು. ಐದು ನಿಮಿಷ ಬಿಟ್ಟು ಬಿ.ಪಿ. ನೋಡಿದರು: 116/74. "ಚೆನ್ನಾಗೇ ಇದೆಯಲ್ಲ ಸರ್" ಅಂದೆ. ತೋಳಿನ ಪಟ್ಟಿ ಬಿಚ್ಚದೆ "ಎದ್ದು ನಿಂತ್ಕೊಳಿ" ಅಂದರು. ಒಂದು ನಿಮಿಷಕ್ಕೆ 92/62. ಮೂರು ನಿಮಿಷಕ್ಕೆ 90/60, ಅಷ್ಟರಲ್ಲಿ ನಾನು ಗೋಡೆ ಹಿಡಿದಿದ್ದೆ. ನಿಂತಾಗ ಮೇಲಿನ ಅಂಕಿ 20 ಇಳಿದರೇ ಅದು ಸರಿಯಿಲ್ಲ ಅಂತ ಲೆಕ್ಕ. ಎರಡು ವರ್ಷದಿಂದ ತಿಂಗಳಿಗೊಮ್ಮೆ ಬಿ.ಪಿ. ನೋಡಿಸಿಕೊಂಡಿದ್ದೇನೆ, ಎಲ್ಲ ಸಲವೂ ಕುರ್ಚಿಯಲ್ಲಿ ಕೂತೇ.

"ಯಾವ ಮಾತ್ರೆ?" ಅಂದರು. ಮೊಬೈಲಿನಲ್ಲಿ ಚೀಟಿಯ ಫೋಟೋ ಇತ್ತು, ತೋರಿಸಿದೆ. ಟೆಲ್ಮಿಸಾರ್ಟನ್, ಅದರ ಜೊತೆಗೇ ಸೇರಿಸಿದ ಹೈಡ್ರೋಕ್ಲೋರೋಥಯಾಜೈಡ್.

"ಊಟ ಏನು?"

ಅದೇ ಮೊಬೈಲಿನಲ್ಲಿ ನಾಲ್ಕು ಫೋಟೋ ಪಕ್ಕಕ್ಕೆ ಸರಿಸಿದರೆ ಡಯಟ್ ಚಾರ್ಟ್. ಅದನ್ನೂ ತೋರಿಸಿದೆ.

ಅವರು ಎರಡನ್ನೂ ಹಿಂದೆ ಮುಂದೆ ಸರಿಸಿ ನೋಡಿದರು. "ನಿಮ್ಮ ಮಾತ್ರೆಯಲ್ಲಿರೋ ಎರಡನೇ ಔಷಧಿ ಉಪ್ಪನ್ನೂ ನೀರನ್ನೂ ಮೂತ್ರದಲ್ಲಿ ಹೊರಗೆ ಹಾಕುತ್ತೆ. ಅನ್ನ ಮುದ್ದೆ ಪೂರ್ತಿ ಬಿಟ್ಟಾಗ ಇನ್ಸುಲಿನ್ ಇಳಿಯುತ್ತೆ, ಆಗ ಕಿಡ್ನಿ ತಾನಾಗೇ ಇನ್ನಷ್ಟು ಉಪ್ಪು ಹೊರಗೆ ಬಿಡುತ್ತೆ. ತೂಕ ಇಳಿದರೆ ಬಿ.ಪಿ. ತಾನೇ ಇಳಿಯುತ್ತೆ. ಇದೆಲ್ಲದರ ಮೇಲೆ ನೀವು ಉಪ್ಪು ತಿಂತಿಲ್ಲ, ನಾಲ್ಕು ಲೀಟರ್ ನೀರು ಕುಡೀತಿದ್ದೀರಿ. ಮಾತ್ರೆ ಕೊಟ್ಟವರಿಗೆ ಡಯಟ್ ಮಾಡ್ತೀನಿ ಅಂತ ಹೇಳಿದ್ರಾ?"

ಇಲ್ಲ.

"ಡಯಟ್ ಕೊಟ್ಟವರಿಗೆ ಮಾತ್ರೆ ತಗೋತೀನಿ ಅಂತ?"

ಅವರು ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ದುಡ್ಡು ಕಟ್ಟುವಾಗ ತುಂಬಿದ ಫಾರಂನಲ್ಲಿ ವಯಸ್ಸು, ತೂಕ, 'ನಿಮ್ಮ ಕನಸಿನ ತೂಕ' ಇತ್ತು, ಔಷಧಿಗೆ ಜಾಗವೇ ಇರಲಿಲ್ಲ.

ರಕ್ತದ ರಿಪೋರ್ಟು ಮಾರನೇ ದಿನ ಬಂತು. ಸೋಡಿಯಂ, ಅಂದರೆ ರಕ್ತದಲ್ಲಿರುವ ಉಪ್ಪಿನಂಶ, 130. 135ರಿಂದ 145ರ ನಡುವೆ ಇರಬೇಕಂತೆ. ತಲೆನೋವು, ಓಕರಿಕೆ, ಸ್ನಾಯು ಸೆಳೆತ, ಮಂಕು ಎಲ್ಲವೂ ಅದರ ಬಾಲದಲ್ಲಿ ಬರುವಂಥವೇ, ಇನ್ನೂ ಇಳಿದಿದ್ದರೆ ಅಡ್ಮಿಟ್ ಮಾಡಬೇಕಾಗುತ್ತಿತ್ತು ಅಂದರು. ಹಿಮೋಗ್ಲೋಬಿನ್ 10.2. ಹೆಂಗಸರಿಗೆ 12ರ ಕೆಳಗೆ ಬಂದರೆ ರಕ್ತಹೀನತೆ. ತಿಂಗಳ ಸ್ರಾವ ಒಂದು ವರ್ಷದಿಂದ ಜಾಸ್ತಿಯಾಗಿದ್ದನ್ನು ನಾನು ವಯಸ್ಸಿನ ಖಾತೆಗೆ ಬರೆದು ಸುಮ್ಮನಿದ್ದೆ. ಬಿ12 ಕೂಡ ಕಮ್ಮಿ. ಥೈರಾಯ್ಡ್ ಮಾತ್ರ ನಾರ್ಮಲ್. ಇದನ್ನು ಹೇಳಲು ನಾಚಿಕೆ, ಆದರೂ ಹೇಳುತ್ತೇನೆ: ಥೈರಾಯ್ಡ್ ನಾರ್ಮಲ್ ಅಂತ ಓದಿ ನನಗೆ ಬೇಜಾರಾಯಿತು. ಅದೊಂದು ಕೆಟ್ಟಿದ್ದರೆ ಮದುವೆಮನೆಗಳಲ್ಲಿ ಹೇಳಿಕೊಳ್ಳಲು ಒಂದು ಗೌರವದ ಕಾರಣ ಸಿಗುತ್ತಿತ್ತು.

ಡಾಕ್ಟರು ಆ ಎರಡನೇ ಔಷಧಿ ತೆಗೆದು ಬರೀ ಟೆಲ್ಮಿಸಾರ್ಟನ್ ಬರೆದರು. "ಪೂರ್ತಿ ನಿಲ್ಲಿಸಿಬಿಡ್ಲಾ ಸರ್?" ಅಂದೆ. "ನಿಮ್ಮ ಲೆಕ್ಕ ಬೋರ್ಡ್ ಮೇಲೆ ಮಾಡಿ ಮೇಡಂ, ಇದನ್ನ ನನಗೆ ಬಿಡಿ" ಅಂದುಬಿಟ್ಟರು. ದಿನಾ ಎರಡು ಹೊತ್ತು, ಕೂತು ಒಮ್ಮೆ ನಿಂತು ಒಮ್ಮೆ, ಬಿ.ಪಿ. ನೋಡಿ ಪುಸ್ತಕದಲ್ಲಿ ಬರೆಯಬೇಕು. ನೀರು ಬಾಯಾರಿದಷ್ಟು. ಉಪ್ಪು ಮನೆಮಂದಿ ತಿನ್ನುವಷ್ಟು. ಮುದ್ದೆ ತಿನ್ನಿ. ಹಾಸಿಗೆಯಿಂದ ಏಳುವಾಗ ಅಂಚಿನಲ್ಲಿ ಕೂತು ಇಪ್ಪತ್ತು ಎಣಿಸಿ ಎದ್ದೇಳಿ. ಹತ್ತು ದಿನದಲ್ಲಿ ತಲೆಸುತ್ತು ನಿಂತಿತು. ತೂಕ 79.8ಕ್ಕೆ ಏರಿತು. ಗ್ರೂಪಿನಲ್ಲಿ ಹಾಕಿದೆ, ಹೀಗೆ ಹೀಗಾಯಿತು, ಬಿ.ಪಿ. ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿ ಅಂತ. ಒಂದು ಗಂಟೆಯೊಳಗೆ ನನ್ನನ್ನು ಗ್ರೂಪಿಂದ ತೆಗೆದರು. ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ.

ಡಿಸೆಂಬರ್ ಹೊತ್ತಿಗೆ ಎಲ್ಲ ಸರಿಹೋಯಿತು ಅಂದುಕೊಂಡಾಗ ಕೂದಲು ಉದುರತೊಡಗಿತು. ಬಚ್ಚಲ ಜಾಲರಿಯಲ್ಲಿ ಇಲಿಮರಿಯಂಥ ಉಂಡೆ. ಮೈಗೆ ಪೆಟ್ಟು ಬಿದ್ದು ಎರಡು ಮೂರು ತಿಂಗಳಾದ ಮೇಲೆ ಕೂದಲು ಅದರ ಸುದ್ದಿ ಹೇಳುತ್ತದಂತೆ. ಆರು ತಿಂಗಳಲ್ಲಿ ತಾನಾಗಿ ನಿಂತಿತು. ಆದರೆ ಆ ಆರು ತಿಂಗಳು ಹೇಗಿತ್ತು ಅನ್ನುವುದು ಮೋಟು ಜಡೆ ಹಾಕಿಕೊಂಡವರಿಗೇ ಗೊತ್ತು.

ಡಾಕ್ಟರೇ ಒಬ್ಬ ಡಯಟೀಷಿಯನ್ ಹತ್ತಿರ ಕಳಿಸಿದ್ದರು. ನನ್ನ ಅರ್ಧ ವಯಸ್ಸಿನ ಹುಡುಗಿ. ಚಾರ್ಟ್ ಕೊಡುತ್ತಾಳೆ ಅಂತ ಹೋದರೆ ಖಾಲಿ ನೋಟ್‌ಬುಕ್ ಕೊಟ್ಟಳು. "ಏನೂ ಬದಲಾಯಿಸ್ಬೇಡಿ ಮೇಡಂ, ಏಳು ದಿನ ತಿಂದಿದ್ದೆಲ್ಲ ಬರೀರಿ." ಬರೆದೆ. ತಿರುವಿ ನೋಡಿ ಅವಳು ಕೇಳಿದ ಮೊದಲ ಪ್ರಶ್ನೆ: "ತಿಪಟೂರವರು ನೀವು, ಕೊಬ್ಬರಿ ಎಲ್ಲಿ ಮೇಡಂ?"

ಕೊಬ್ಬರಿ! ಅದನ್ನು ಯಾರಾದರೂ ಊಟ ಅಂತ ಬರೆಯುತ್ತಾರಾ? ನಮ್ಮ ಮನೆಯಲ್ಲಿ ಡಬ್ಬಿ ಯಾವಾಗಲೂ ಕಟ್ಟೆಯ ಮೇಲೇ ಇರುತ್ತೆ. ಒಗ್ಗರಣೆಗೆ ಎಣ್ಣೆ ಕಾಯುವಷ್ಟರಲ್ಲಿ ಒಂದು ಚೂರು, ಹಾಲು ಉಕ್ಕುವಷ್ಟರಲ್ಲಿ ಬೆಲ್ಲದ ಜೊತೆ ಇನ್ನೊಂದು. ಬಾಯಿ ಆಡುತ್ತೆ, ಲೆಕ್ಕಕ್ಕೆ ಬರುವುದಿಲ್ಲ. ಮಾರನೇ ದಿನ ಬೆಳಗ್ಗೆ, ಇವತ್ತು ತಿನ್ನಬಹುದಾದಷ್ಟನ್ನು ತೆಗೆದು ಅಡುಗೆಮನೆ ತಕ್ಕಡಿಗೆ ಹಾಕಿದೆ: 40 ಗ್ರಾಂ. ಅಷ್ಟರಲ್ಲೇ ಸುಮಾರು 250 ಕ್ಯಾಲೊರಿ. ಎರಡೂವರೆ ಚಪಾತಿ, ತಟ್ಟೆಯನ್ನೇ ಕಾಣದೆ ಒಳಗೆ ಹೋಗುತ್ತಿತ್ತು.

ಎಣ್ಣೆಯ ಲೆಕ್ಕ ಇನ್ನೂ ಸೊಗಸು. ನಾವು ನಾಲ್ಕು ಜನ, ತಿಂಗಳಿಗೆ ನಾಲ್ಕು ಲೀಟರ್. ಒಂದು ಲೀಟರ್ ಎಣ್ಣೆ 910 ಗ್ರಾಂ ತೂಗುತ್ತೆ, ಗ್ರಾಂಗೆ 9 ಕ್ಯಾಲೊರಿ, ಅಂದರೆ 8,190. ಮೈಯಲ್ಲಿ ಒಂದು ಕೆ.ಜಿ. ಕೊಬ್ಬು ಅಂದರೆ ಸುಮಾರು 7,700. ತಿಂಗಳಿಗೆ ಒಂದು ಕೆ.ಜಿ. ಕೊಬ್ಬಿಗೂ ಮಿಗಿಲಾದದ್ದನ್ನು ನಾನೊಬ್ಬಳೇ ಪ್ಯಾಕೆಟ್ಟಿನಿಂದ ಸುರಿದುಕೊಳ್ಳುತ್ತಿದ್ದೆ, ಆಮೇಲೆ ಮುದ್ದೆಯ ಮೇಲೆ ಅಪವಾದ ಹೊರಿಸುತ್ತಿದ್ದೆ. ಈಗ ಮನೆಗೆಲ್ಲ ಸೇರಿ ಎರಡೂವರೆ ಲೀಟರ್. ಅತ್ತೆಗೆ ಹೇಳಿಲ್ಲ. ಚಿಕ್ಕ ಚಮಚ ತಂದಿಟ್ಟಿದ್ದೇನೆ, ಅಷ್ಟೇ.

ಬೇರೆ ಬದಲಾವಣೆಗಳು ನೀರಸ, ಬೇಗ ಹೇಳಿ ಮುಗಿಸುತ್ತೇನೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಸ್ಕೂಲಿಗೆ ಹೋಗುವುದು ನಿಂತಿತು. ಹತ್ತೂವರೆಗೆ ಸ್ಟಾಫ್ ರೂಮಿನಲ್ಲಿ ಒಂದು ಹಿಡಿ ಹುರಿಗಡಲೆ. ಮುದ್ದೆ ಇದೆ, ಮೊದಲಿನ ಮುಕ್ಕಾಲು ಗಾತ್ರ, ಜೊತೆಗೆ ಸೊಪ್ಪಿನ ಸಾರಿನ ಬದಲು ದಿನ ಬಿಟ್ಟು ದಿನ ಕಾಳಿನ ಹುಳಿ. ಐದು ಗಂಟೆಯ ಮಿಕ್ಸ್ಚರ್ ಪ್ಯಾಕೆಟ್ ಜಾಗಕ್ಕೆ ಬೇಯಿಸಿದ ಮೊಟ್ಟೆ. ಕಬ್ಬಿಣದ ಮಾತ್ರೆ, ಅದರ ಹಿಂದೆ ಮುಂದೆ ಟೀ ಇಲ್ಲ, ಇದು ಎಲ್ಲಕ್ಕಿಂತ ಕಷ್ಟವಾಯಿತು. ಬಿ12 ಇಂಜೆಕ್ಷನ್. ಸಂಜೆ ಮನೆಗೆ ಆಟೋ ಬಿಟ್ಟು ನಡಿಗೆ.

ತಿಂಗಳಿಗೆ ಒಂದು ಕೆ.ಜಿ. ಇಳಿದ ದಾಖಲೆ ನನ್ನ ಪುಸ್ತಕದಲ್ಲಿ ಇಲ್ಲ. ಅಕ್ಟೋಬರಿನಲ್ಲಿ 900 ಗ್ರಾಂ, ನವೆಂಬರಿನಲ್ಲಿ 700, ಡಿಸೆಂಬರಿನಲ್ಲಿ ಸೊನ್ನೆ. ಸಂಕ್ರಾಂತಿಯ ಎಳ್ಳುಬೆಲ್ಲ ಅರ್ಧ ಕೆ.ಜಿ. ವಾಪಸ್ ಕೊಟ್ಟಿತು. 2024ರ ಆಗಸ್ಟ್ ಕೊನೆಗೆ 75.9. ವಾರ ವಾರ ಗುರುತು ಹಾಕಿದರೆ ಗ್ರಾಫು ನಮ್ಮ ಹಳ್ಳಿ ರಸ್ತೆಯ ಹಾಗೆ ಕಾಣುತ್ತೆ. ಆದರೆ ಮೊದಲ ಸಲ 79.5 ಬಂದಾಗ, ಎರಡನೇ ಸಲ 76.4 ಬಂದಾಗ, ಸಂಜೆ ನಾಲ್ಕಕ್ಕೆ ಬಾಗಿಲು ಹಾಕಿ ಕತ್ತಲೆಯಲ್ಲಿ ಮಲಗುತ್ತಿದ್ದೆ. ಈಗ 75.9ರಲ್ಲಿ ಏಳನೇ ಪಿರಿಯಡ್ಡು ಮುಗಿಸಿ ಹತ್ತನೇ ಕ್ಲಾಸಿಗೆ ಸ್ಪೆಷಲ್ ಕ್ಲಾಸೂ ತೆಗೆದುಕೊಳ್ಳುತ್ತೇನೆ. ಮಂಡಿ ಇನ್ನೂ ಕಿರ್ ಅನ್ನುತ್ತೆ, ದಿನಕ್ಕೆ ಆರು ಸಲ ಅಲ್ಲ, ಎರಡು ಸಲ. ಹಿಮೋಗ್ಲೋಬಿನ್ 12.1. ನಿಂತು ನೋಡಿದರೆ ಬಿ.ಪಿ. 122/80. ಡಾಕ್ಟರು ಹೇಳುವ ಪ್ರಕಾರ ಇದ್ದ ತೂಕದಲ್ಲಿ ನೂರಕ್ಕೆ ಐದರಿಂದ ಹತ್ತು ಇಳಿದರೂ ಬಿ.ಪಿ.ಗೆ ಉಪಕಾರವೇ. ನನ್ನದು ಎಂಟಾಗಿದೆ.

ಆರು ವಾರದಿಂದ ಮಷೀನು ಮುಂದೆ ಕದಲುತ್ತಿಲ್ಲ. ಡಯಟೀಷಿಯನ್ ಹುಡುಗಿ ತೂಕ ಬಿಟ್ಟು ಸೊಂಟ ಅಳೆಯಿರಿ ಅಂದಳು. 98 ಸೆಂಟಿಮೀಟರ್ ಇದ್ದದ್ದು 91. ಹೋದ ಶನಿವಾರ ಗೌರಿ ಹಬ್ಬಕ್ಕೆ ಹಳೇ ಬ್ಲೌಸುಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಟೈಲರ್ ಹತ್ತಿರ ಹೋಗಿದ್ದೆ. ಹತ್ತು ವರ್ಷದಿಂದ ಒಳಗಿನ ಬಟ್ಟೆ ಬಿಡಿಸಿ ಬಿಡಿಸಿ ನನ್ನನ್ನು ಅವುಗಳಲ್ಲಿ ತುಂಬಿಸುತ್ತಾ ಬಂದವನು ಅವನೇ. ಒಂದನ್ನು ಒಳಮಗ್ಗುಲು ಮಾಡಿ, ಹಳೇ ಹೊಲಿಗೆಯ ಮೂರು ಗೆರೆ ನೋಡಿ ಕೇಳಿದ: "ಮೇಡಂ, ಒಳಗೆ ಹಿಡಿದು ಮಿಕ್ಕ ಬಟ್ಟೆ ಕತ್ತರಿಸಿಬಿಡ್ಲಾ, ಇಲ್ಲ ಹಂಗೇ ಇರ್ಲಾ?"

ಸ್ವಲ್ಪ ಹೊತ್ತು ಯೋಚಿಸಿದೆ. "ಹೊಲಿಗೆ ಹಾಕಪ್ಪ, ಬಟ್ಟೆ ಕತ್ತರಿಸ್ಬೇಡ" ಅಂದೆ.